ಇಸ್ತಾಂಬುಲ್‌ನಲ್ಲಿ ನಿನ್ನ ಕೊನೇ ದಿನ

ನವನಗರ, ಬಾಗಲಕೋಟೆ
ಶನಿವಾರ ರಾತ್ರಿ

ಚಿ. ಪುಟ್ಟಿಗೆ ದೊಡ್ಡವ್ವನ ಆಶೀರ್ವಾದ.

ಇಲ್ಲಿ ಎಲ್ಲರೂ ಆರಾಮ. ಮನೆ ಸುದ್ದಿಯೆಲ್ಲ ನಿಮ್ಮವ್ವ ದಿನಾ ಫೋನಿನಲ್ಲಿ ಹೇಳುತ್ತಾಳೆ, ನಾನು ಮತ್ತೆ ಬರೆಯುವುದಿಲ್ಲ. ನಿನ್ನ ಮೇಲ್ ಓದಿ ಮಲಗಿದವಳು ಎದ್ದು ಕೂತಿದ್ದೇನೆ. ನಾವು ನಿಮಗಿಂತ ಎರಡೂವರೆ ತಾಸು ಮುಂದೆ. ನೀನು ಏಳುವುದರೊಳಗೆ ಇದು ತಲುಪಲಿ ಅಂತ.

ಫೋಟೋ, ಬೀದಿ ಬೆಕ್ಕುಗಳು, ಎಲ್ಲಾ ಚಲೋ. ಕೊನೆಯಲ್ಲಿ ಬರೆದೆಯಲ್ಲ, ಅದೇ ತಲೆಯಲ್ಲಿ ಕೂತುಬಿಟ್ಟಿದೆ. "ನಾಳೆ ಇಲ್ಲಿ ಕೊನೇ ದಿನ ದೊಡ್ಡವ್ವ. ಬ್ಯಾಗ್ ತುಂಬಿಟ್ಟ ಮೇಲೆ ನನಗೆ ಏನೂ ಕಾಣೋದಿಲ್ಲ. ಮನಸ್ಸು ಆಗಲೇ ಏರ್‌ಪೋರ್ಟಿನಲ್ಲಿ ಇರ್ತದೆ. ಎಲ್ಲಾ ಕಡೆ ಹೀಗೇ. ನಾನು ಯಾವ ಜಾಗದಲ್ಲೂ ಪೂರ್ತಿ ಇದ್ದೇ ಇಲ್ಲವೇನೋ ಅಂತ ಹೆದರಿಕೆ."

ಇಷ್ಟು ಚಿಕ್ಕ ವಯಸ್ಸಿಗೆ ಇಂಥ ಹೆದರಿಕೆ ಯಾಕವ್ವಾ?

ನೀನು ಕಳಿಸಿದ ಆ ಬೆಸಿಲಿಕಾ ಸಿಸ್ಟರ್ನ್ ಫೋಟೋ ಮತ್ತೆ ಮತ್ತೆ ನೋಡಿದೆ. ನೆಲದಡಿಯಲ್ಲಿ ನೀರು, ಅದರಲ್ಲಿ 336 ಕಂಬ. 6ನೇ ಶತಮಾನದಲ್ಲಿ ಜಸ್ಟಿನಿಯನ್ ದೊರೆ ಕಟ್ಟಿಸಿದ್ದು, ಕಂಬಗಳಲ್ಲಿ ಬಹಳಷ್ಟು ಬೇರೆ ಹಳೇ ಕಟ್ಟಡಗಳಿಂದ ತಂದವು ಅಂತ ಓದಿದೆ. ಒಂದು ಕಂಬದ ಬುಡಕ್ಕೆ ಗ್ರೀಕ್ ಕತೆಯ ಹಾವುಗೂದಲಿನ ಮೆಡೂಸಾಳ ತಲೆಯನ್ನು ಉಲ್ಟಾ ಇಟ್ಟಿದ್ದಾರೆ, ಅಲ್ವಾ? ಅದನ್ನು ನೋಡಿ ನಾನು ನಮ್ಮ ಅಡುಗೆಮನೆ ಬಾಗಿಲ ಹತ್ತಿರ ಹೋಗಿ ನಿಂತೆ.

ಆ ಚೌಕಟ್ಟು ಹಳೇ ಊರಿನ ಮನೆಯದು. ಇಲ್ಲಿ ಎತ್ತರ ಸಾಲದೆ ಬುಡಕ್ಕೆ ಕಲ್ಲು ಕೊಟ್ಟು ನಿಲ್ಲಿಸಿದೆವು. ಮುಳುಗಡೆಯ ಕತೆ ನಿನಗೆ ಗೊತ್ತೇ ಇದೆ. ಆಲಮಟ್ಟಿ ಅಣೆಕಟ್ಟಿನಲ್ಲಿ 519.60 ಮೀಟರ್ ಮಟ್ಟಕ್ಕೆ ನೀರು ನಿಂತರೆ ಹಿನ್ನೀರು ಯಾರ ಹೊಸ್ತಿಲಿಗೆ ಬರುತ್ತದೆ ಅಂತ ಆಗ ಸಣ್ಣ ಹುಡುಗರೂ ಹೇಳುತ್ತಿದ್ದರು. ಆದರೆ ಆ ಮನೆಯ ಕೊನೇ ದಿನದ ಬಗ್ಗೆ ನಿನಗೆ ಯಾರೂ ಹೇಳಿರಲಿಕ್ಕಿಲ್ಲ.

ಅವತ್ತು ಬಾಗಿಲು, ಚೌಕಟ್ಟು, ತೊಲೆ ಎಲ್ಲಾ ಕೀಳಿಸುವುದು ನನ್ನ ಪಾಲಿಗೆ ಬಂತು. ಬಡಿಗ ಹಾರೆ ಹಾಕಿ ಮೀಟಿದ. ತಲೆಬಾಗಿಲ ಚೌಕಟ್ಟಿನ ಎಡಗಾಲು ಸೀಳಿತು. ಮಧ್ಯಾಹ್ನದವರೆಗೂ ಅವನನ್ನು ಬೈದೆ. ಆಮೇಲೆ ಟ್ರ್ಯಾಕ್ಟರಿನ ಹಗ್ಗ ಸಡಿಲಾಯಿತು ಅಂತ ಇನ್ನೊಂದು ಗದ್ದಲ. ದೇವರ ಜಗಲಿ, ನಮ್ಮವ್ವ ರೊಟ್ಟಿ ಬಡಿಯುತ್ತಿದ್ದ ಮೂಲೆ, ಒಂದನ್ನೂ ತಿರುಗಿ ನೋಡದೆ ನವನಗರಕ್ಕೆ ಬಂದುಬಿಟ್ಟೆ. ಅವತ್ತು ಅವ್ವ ಏನು ಮಾಡುತ್ತಿದ್ದಳು, ಎಲ್ಲಿ ಕೂತಿದ್ದಳು, ಊಟ ಮಾಡಿದಳೋ ಇಲ್ಲವೋ, ಈಗ ಯಾರಾದರೂ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ. ಅದೊಂದು ಸಂಕಟ ಹೋಗುವುದಿಲ್ಲ.

ಆದರೂ ನೋಡು, ಆ ಮನೆ ನನಗೆ ಬಾಯಿಪಾಠ. ಕತ್ತಲಲ್ಲಿ ಬಿಟ್ಟರೂ ಕಾಳಿನ ಹಗೇವು ಎಲ್ಲಿತ್ತು, ಯಾವ ಬಾಗಿಲಿಗೆ ತಲೆ ಬಗ್ಗಿಸಬೇಕು, ಯಾವ ಮೆಟ್ಟಿಲು ಅಲುಗಾಡುತ್ತಿತ್ತು ಅಂತ ಹೇಳುತ್ತೇನೆ. ಇದರಲ್ಲಿ ಯಾವುದೂ ಕೊನೇ ದಿನ ನೋಡಿಟ್ಟುಕೊಂಡದ್ದಲ್ಲ. ಸುಮ್ನೆ ಓಡಾಡುತ್ತಾ ಮೈಗೆ ಹತ್ತಿದ್ದು.

ನೀನೂ ಮೊನ್ನೆ ಬರೆದಿದ್ದೆ. ಉಸ್ಕುದಾರ್‌ಗೆ ಹೋಗುವ ಫೆರಿಯಲ್ಲಿ ಚಹಾ ಗ್ಲಾಸಿಗೆ ಹಿಡಿಕೆ ಇರುವುದಿಲ್ಲ, ನಡು ಹಿಡಿದರೆ ಕೈ ಸುಡುತ್ತದೆ, ಅಂಚನ್ನೇ ಎರಡು ಬೆರಳಲ್ಲಿ ಹಿಡಿಯಬೇಕು ಅಂತ. ಪಕ್ಕದಲ್ಲಿ ಕೂತ ಮುದುಕ ಕೈ ಹಿಡಿದು ತೋರಿಸಿಕೊಟ್ಟ ಅಂತ. ಅಲ್ಲಿ ಇಲ್ಲದವಳಿಗೆ ಇದೆಲ್ಲ ಹೇಗೆ ಗೊತ್ತಾಯಿತು?

ಮತ್ತೆ ಅದೇ ಮಾತಿಗೆ ಬರುತ್ತೇನೆ, ಬೇಜಾರಾಗಬೇಡ. ಎಲ್ಲಾ ಕಡೆ ಹೀಗೇ ಅಂದೆಯಲ್ಲ, ಅದು ಬರೀ ಪ್ರವಾಸದ ಮಾತಿರಲಿಕ್ಕಿಲ್ಲ ಅನಿಸಿತು. ಧಾರವಾಡದ ಹಾಸ್ಟೆಲ್ ಬಿಡುವಾಗಲೂ ನೀನು ವಾರ ಮೊದಲೇ ಗೋಡೆ ಮೇಲಿನ ಚಿತ್ರ ಬಿಚ್ಚಿಟ್ಟು, ಗೆಳತಿಯರ ಜೊತೆ ಮಾತು ಕಮ್ಮಿ ಮಾಡಿದ್ದೆ. ಬಿಟ್ಟು ಬರುವ ಹೊತ್ತು ತಡೆಯಲಾಗದವರು ಮೊದಲೇ ಎದ್ದು ಹೊರಡುತ್ತಾರೆ ಪುಟ್ಟಿ. ಪ್ರೀತಿ ಜಾಸ್ತಿ ಇದ್ದವರೇ ಹೀಗೆ ಮಾಡುವುದನ್ನು ನೋಡಿದ್ದೇನೆ. ಅಥವಾ ನನ್ನದನ್ನು ನಿನ್ನ ತಲೆಗೆ ಕಟ್ಟುತ್ತಿದ್ದೇನೋ ಏನೋ.

ಏನು ಮಾಡಬೇಕು ಅಂತ ಹೇಳಲು ನಾನು ಮುಂಬೈ ದಾಟಿದವಳಲ್ಲ. ನಾಳೆ ಭಾನುವಾರ, ಗ್ರ್ಯಾಂಡ್ ಬಜಾರ್ ಮುಚ್ಚಿರುತ್ತದೆ, ಅಷ್ಟು ನೆನಪಿರಲಿ. ಮಸಾಲೆ ಬಜಾರ್ ತೆರೆದಿರುತ್ತದೆ. ಆದರೆ ನಮಗೆ ಏನಾದರೂ ತರಬೇಕು ಅಂತ ಅಲ್ಲೇ ದಿನ ಕಳೆಯಬೇಡ, ನಮ್ಮ ಮನೆಯಲ್ಲಿ ಮಸಾಲೆಗೆ ಬರ ಇಲ್ಲ. ಬ್ಯಾಗನ್ನು ಬೆಳಿಗ್ಗೆಯೇ ಹೋಟೆಲಿನವರ ಹತ್ತಿರ ಇಟ್ಟುಬಿಡು. ಕಣ್ಣೆದುರು ಇದ್ದರೆ ಮನಸ್ಸು ಅದನ್ನೇ ಕಾಯುತ್ತಾ ಕೂರುತ್ತದೆ. ಇಷ್ಟ ಆದರೆ ಅದೇ ಫೆರಿ ಇನ್ನೊಮ್ಮೆ ಹತ್ತು. ಆಗದಿದ್ದರೆ ಎಲ್ಲಾದರೂ ಕೂತು ಏರ್‌ಪೋರ್ಟಿನ ಬಗ್ಗೆಯೇ ಯೋಚಿಸು, ಯಾರೂ ಲೆಕ್ಕ ಕೇಳುವುದಿಲ್ಲ. ಹಾಂ, ಅಲ್ಲಿ ಎರಡು ವಿಮಾನ ನಿಲ್ದಾಣ ಇವೆ, ಒಂದು ಯುರೋಪ್ ಕಡೆ, ಇನ್ನೊಂದು ಏಷ್ಯಾ ಕಡೆ. ಟಿಕೆಟಿನಲ್ಲಿ ಯಾವುದಿದೆ ನೋಡಿಕೋ. ನೋಡಿರುತ್ತೀಯ ಬಿಡು.

ಮುಂಬೈಯಲ್ಲಿ ಇಳಿದ ಕೂಡಲೇ ಮೊದಲು ನಿಮ್ಮವ್ವನಿಗೆ ಫೋನ್ ಮಾಡು, ಆಮೇಲೆ ನನಗೆ. ಚೌಕಟ್ಟಿನ ವಿಷಯ ಬರೆದೆ ಅಂತ ಮಾತ್ರ ಅವಳಿಗೆ ಹೇಳಬೇಡ. ಅದು ಸೀಳಿದ್ದು ಬಡಿಗನಿಂದ ಅಲ್ಲ, ನನ್ನ ಅವಸರಕ್ಕೆ ಅಂತ ಇವತ್ತಿಗೂ ವಾದ ಮಾಡುತ್ತಾಳೆ.

ನಿನ್ನ
ದೊಡ್ಡವ್ವ