ಸಂಪಾದಕೀಯ: ಮಠದಲ್ಲಿ ಪಾರ್ಲಿಮೆಂಟು, ಪಕ್ಕದಲ್ಲೇ ಕಡತದ ಕೋಣೆ

ಎಲ್ಲರಿಗೂ ನಮಸ್ಕಾರ.

ಈ ಸಲ ರಜೆಗೆ ಪೋರ್ಚುಗಲ್ ರಾಜಧಾನಿ ಲಿಸ್ಬನ್‌ಗೆ ಹೋಗಿದ್ವಿ. ಟ್ರಾಮು, ಕೋಟೆ, ನದಿ ದಂಡೆ ಎಲ್ಲಾ ನೋಡಿದ್ದಾಯ್ತು, ಆದ್ರೆ ವಾಪಸ್ ಬಂದ್ಮೇಲೂ ನನ್ನ ತಲೇಲಿ ಕೂತಿರೋದು ಅವರ ಪಾರ್ಲಿಮೆಂಟ್ ಕಟ್ಟಡ. ಹೆಸರು ಸಾವ್ ಬೆಂತು, ಅಂದ್ರೆ ಸಂತ ಬೆನೆಡಿಕ್ಟ್. ಅಗಲವಾದ ಮೆಟ್ಟಿಲು, ಅಕ್ಕಪಕ್ಕ ಕಲ್ಲಿನ ಸಿಂಹ, ಮೇಲೆ ಬಿಳಿ ಕಂಬಗಳ ಸಾಲು, ನೋಡಿದ್ರೆ ಪಾರ್ಲಿಮೆಂಟಿಗೆ ಅಂತಲೇ ಕಟ್ಟಿಸಿದ್ದಾರೆ ಅನ್ಸುತ್ತೆ. ಆದ್ರೆ 1598ರಲ್ಲಿ ಅಲ್ಲಿ ಕೆಲಸ ಶುರುವಾಗಿದ್ದು ಬೆನೆಡಿಕ್ಟೈನ್ ಅನ್ನೋ ಕ್ರೈಸ್ತ ಪಂಥದ ಸನ್ಯಾಸಿಗಳ ಮಠಕ್ಕೆ, ಅದಕ್ಕೂ ಮುಂಚೆ ಆ ಜಾಗದಲ್ಲಿ ಪ್ಲೇಗ್ ಬಂದವರನ್ನ ಇಡೋ ಮನೆ ಇತ್ತು, ಹಾಗಾಗಿ ಮಠದ ಹೆಸರಲ್ಲೇ 'ಆರೋಗ್ಯ' ಅನ್ನೋ ಪದ ಸೇರ್ಕೊಂಡಿತ್ತು.

1834ರಲ್ಲಿ ಅಲ್ಲಿನ ಅಂತರ್ಯುದ್ಧ ಮುಗೀತು, ಗೆದ್ದ ಲಿಬರಲ್ ಸರ್ಕಾರ ದೇಶದಲ್ಲಿದ್ದ ಸನ್ಯಾಸಿಗಳ ಮಠಗಳನ್ನೆಲ್ಲ ಮುಚ್ಚಿಸಿ ಆಸ್ತಿ ವಶಕ್ಕೆ ತಗೊಂಡ್ತು, ಇಷ್ಟು ದೊಡ್ಡ ಕಟ್ಟಡ ಸಿಕ್ಕಿದ್ದೇ ಪಾರ್ಲಿಮೆಂಟ್ ಒಳಗೆ ಬಂತು. 1895ರಲ್ಲಿ ಸಭಾಂಗಣ ಬೆಂಕಿಗೆ ಆಹುತಿಯಾಯ್ತು, ವೆಂತುರಾ ತೆರ್ರಾ ಅನ್ನೋ ಆರ್ಕಿಟೆಕ್ಟ್ ಮಾಡಿದ ಹೊಸ ಹಾಲ್ 1903ರಲ್ಲಿ ತೆರೀತು. ಈಗ 230 ಜನ ಸದಸ್ಯರು ಕೂರೋದು ಅಲ್ಲೇ. ಸನ್ಯಾಸಿಗಳು ಊಟಕ್ಕೆ ಕೂರ್ತಿದ್ದ ಹಾಲ್ ಮಾತ್ರ ನೀಲಿ ಬಿಳಿ ಟೈಲ್ಸ್ ಸಮೇತ ಹಾಗೇ ಇದೆ, ನನಗೆ ಅದೇ ಜಾಸ್ತಿ ಇಷ್ಟ ಆಯ್ತು. ಈ ಪಾರ್ಲಿಮೆಂಟಲ್ಲಿ ಗೋವಾದವರೂ ಕೂತಿದ್ರು ಗೊತ್ತಾ? ಮಡಗಾಂವ್ ಹತ್ರದ ನಾವೆಲಿಯ ಫ್ರಾನ್ಸಿಸ್ಕೊ ಲುಯಿಸ್ ಗೋಮ್ಸ್, ವೃತ್ತಿಯಲ್ಲಿ ಡಾಕ್ಟ್ರು, 1860ರ ದಶಕದಲ್ಲಿ ಗೋವಾದ ಪ್ರತಿನಿಧಿಯಾಗಿ ಇಲ್ಲಿ ಭಾಷಣ ಮಾಡಿದವರು. ನಾವೆಲಿ ಅಂದ್ರೆ ನಮ್ಮ ಕಾರವಾರದಿಂದ ಎಷ್ಟು ದೂರ ಹೇಳಿ!

ಆದ್ರೆ ನಾನು ಬರೀಬೇಕು ಅನ್ಕೊಂಡಿದ್ದು ಬೇರೆ. 1755ರ ನವೆಂಬರ್ 1ರಂದು ಲಿಸ್ಬನ್ ಭೂಕಂಪದಲ್ಲಿ ನೆಲಸಮ ಆಯ್ತಲ್ಲ, ಆಗ ದೇಶದ ಹಳೇ ಕಾಗದಪತ್ರ ಎಲ್ಲಾ ಇದ್ದ ಕೋಟೆಯ ಗೋಪುರವೂ ಬಿತ್ತು. ಅದನ್ನ ನೋಡ್ಕೋತಿದ್ದ ಮನುವೆಲ್ ದ ಮಾಯಾ ಅನ್ನೋರಿಗೆ ಆಗ 78 ವರ್ಷ. ಆ ವಯಸ್ಸಲ್ಲಿ ಅವರು ಅವಶೇಷದ ಅಡಿಯಿಂದ ಕಡತ ತೆಗೆಸಿ, ಮೊದಲು ಮರದ ಶೆಡ್ಡಲ್ಲಿ ಇಡಿಸಿ, 1757ರಲ್ಲಿ ಈ ಮಠಕ್ಕೆ ಸಾಗಿಸಿದ್ರು. ಸನ್ಯಾಸಿಗಳು ಹೋದ್ರು, ರಾಜರು ಹೋದ್ರು, ಸಲಜಾರ್ ಸರ್ವಾಧಿಕಾರ ಬಂದು ಹೋಯ್ತು, 1975ರಲ್ಲಿ ಕಟ್ಟಡ ಕಾರ್ಮಿಕರು ಸುತ್ತುವರಿದು ಸದಸ್ಯರನ್ನ ಹೊರಗೆ ಬಿಡದೇ ಇದ್ದಿದ್ದೂ ಆಯ್ತು, ಕಡತಗಳು ಮಾತ್ರ 1990ರವರೆಗೂ ಅಲ್ಲೇ ಇದ್ವು, ಆಮೇಲೆ ಹೊಸ ಕಟ್ಟಡಕ್ಕೆ ಹೋದ್ವು.

ಆ ಕಡತಗಳಲ್ಲಿ 'ಮಾನ್ಸೂನ್ ಪುಸ್ತಕಗಳು' ಅಂತ ಇವೆ. ಮಾನ್ಸೂನ್ ಗಾಳಿ ಹಿಡಿದು ಓಡಾಡ್ತಿದ್ದ ಹಡಗುಗಳಲ್ಲಿ ಗೋವಾಕ್ಕೂ ಲಿಸ್ಬನ್‌ಗೂ ನಡೆದ ಪತ್ರವ್ಯವಹಾರ, 1777ರಲ್ಲಿ ಗೋವಾದಿಂದ 62 ಸಂಪುಟ ತರಿಸ್ಕೊಂಡ್ರು. ನಮ್ಮ ಕೆನರಾ ಕರಾವಳಿಯ ಅಕ್ಕಿ, ಮೆಣಸು, ಕೆಳದಿ ವೆಂಕಟಪ್ಪ ನಾಯಕರ ಕಾಲದ ಸುದ್ದಿ ಎಲ್ಲಾ ಅದರಲ್ಲಿದೆ. ಅವರ ರಾಜಧಾನಿ ಇಕ್ಕೇರಿಯ ಮಾತು ಲಿಸ್ಬನ್ನಿನ ಒಂದು ಮಠದಲ್ಲಿ ಇಷ್ಟು ವರ್ಷ ಜೋಪಾನವಾಗಿತ್ತು ಅಂತ ನೆನೆಸ್ಕೊಂಡು ಆ ಮೆಟ್ಟಿಲ ಮೇಲೆ ನಿಂತಾಗ ನಿಜವಾಗ್ಲೂ ಗಂಟಲು ಕಟ್ಟಿತು.

ಊರಿಗೆ ಬಂದವಳೇ ನಮ್ಮ ಸಂಘದ ಕಪಾಟು ತೆಗೆದೆ. ಹಾಲ್ ಮೂರು ಸಲ ಬದಲಾಯಿಸಿದೀವಿ, ಮೊದಲ ಆರು ವರ್ಷದ ಸುದ್ದಿಪತ್ರ ಒಂದೂ ಇಲ್ಲ, ಮೊದಲ ರಾಜ್ಯೋತ್ಸವದ ಫೋಟೋನೂ ಇಲ್ಲ. ನಿಮ್ಮನೆ ಅಟ್ಟದಲ್ಲೋ ಬೇಸ್ಮೆಂಟಲ್ಲೋ ಹಳೇ ಸಂಚಿಕೆ, ಪ್ರೋಗ್ರಾಂ ಶೀಟು, ಚಂದಾ ರಸೀದಿ ಏನಿದ್ರೂ ದಯವಿಟ್ಟು ಯುಗಾದಿ ಕಾರ್ಯಕ್ರಮಕ್ಕೆ ಬರುವಾಗ ತನ್ನಿ. ಸ್ಕ್ಯಾನ್ ಮಾಡಿ ಅವತ್ತೇ ವಾಪಸ್ ಕೊಡ್ತೀವಿ, ಬಾಗಿಲ ಹತ್ರದ ಟೇಬಲಲ್ಲಿ ನಾನೇ ಕೂತಿರ್ತೀನಿ.