ಮೊದಲ ಸ್ಪ್ರಿಂಟ್ ಟ್ರಯಥ್ಲಾನ್‌ಗೆ ಹೊರಟ ಗೆಳೆಯನಿಗೊಂದು ಪತ್ರ

ಪ್ರೀತಿಯ ಮಂಜು,

ಸ್ಪ್ರಿಂಟ್ ಟ್ರಯಥ್ಲಾನ್‌ಗೆ ಹೆಸರು ಕೊಟ್ಟಿದ್ದೀಯಂತೆ, ಕೇಳಿ ತುಂಬ ಖುಷಿಯಾಯಿತು. 750 ಮೀಟರ್ ಈಜು, 20 ಕಿ.ಮೀ. ಸೈಕಲ್, 5 ಕಿ.ಮೀ. ಓಟ. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಮೊದಲ ಸಲ ಸೇರಿದ ಟ್ರಯಥ್ಲಾನ್‌ನ 1500 ಮೀಟರ್, 40 ಮತ್ತು 10 ಕಿ.ಮೀ.ಗಳ ಸರಿಯಾಗಿ ಅರ್ಧ. ಕೆಲಸ, ಮನೆ, ಮಕ್ಕಳು ಎಲ್ಲ ಇದ್ದೂ ವಾರಕ್ಕೆ ಐದಾರು ಗಂಟೆ ಎತ್ತಿಟ್ಟರೆ ಹತ್ತು ವಾರದ ತಯಾರಿಯಲ್ಲಿ ನೆಮ್ಮದಿಯಾಗಿ ಮುಗಿಸಬಹುದಾದ ದೂರ ಇದು. ಮೂರರಲ್ಲಿ ಯಾವುದಕ್ಕೆ ಹೆಚ್ಚು ಒತ್ತು ಕೊಡಲಿ ಎಂದು ಕೇಳಿದ್ದೀಯ. ಮೂರಕ್ಕೂ ಕೊಡಬೇಕು. ಆದರೆ ಹೊಸಬರು ಎಡವುವುದು ಹೆಚ್ಚಾಗಿ ಸಂದುಗಳಲ್ಲಿ: ನೀರಿಗಿಳಿದ ಮೊದಲ ನೂರು ಮೀಟರ್, ನೀರಿನಿಂದ ಸೈಕಲ್‌ಗೆ ಬರುವ ಹೊತ್ತು, ಸೈಕಲ್ ಇಳಿದು ಓಡುವ ಮೊದಲ ಕಿಲೋಮೀಟರ್. ಹಾಗಾಗಿ ಈ ಪತ್ರದ ಬಹುಪಾಲು ಅದರ ಬಗ್ಗೆಯೇ.

ಮೊದಲು ಈಜು. 25 ಮೀಟರ್ ಕೊಳದಲ್ಲಿ 30 ಲೆಂತ್ (ಒಂದು ತುದಿಯಿಂದ ಇನ್ನೊಂದು ತುದಿಗೆ ಒಂದು ಲೆಂತ್), 50 ಮೀಟರಿನದಾದರೆ 15. ಒಂದು ಲೆಂತ್ ಈಜಿ ಏದುಸಿರು ಬಿಡುತ್ತಾ ಗೋಡೆ ಹಿಡಿಯುವವರಲ್ಲಿ ಹೆಚ್ಚಿನವರಿಗೆ ದಮ್ಮಿನ ಕೊರತೆ ಇರುವುದಿಲ್ಲ, ನೀರಿನೊಳಗೆ ಉಸಿರು ಬಿಡುತ್ತಿರುವುದಿಲ್ಲ ಅಷ್ಟೆ. ಉಸಿರು ಕಟ್ಟಿ ಈಜಿದರೆ ಒಳಗೆ ಇಂಗಾಲದ ಡೈಆಕ್ಸೈಡ್ ತುಂಬುತ್ತದೆ. ‘ಉಸಿರಾಡು, ಉಸಿರಾಡು’ ಎಂದು ಮೆದುಳನ್ನು ಕಂಗೆಡಿಸುವುದು ಅದೇ. ಮುಖ ನೀರಿನಲ್ಲಿರುವಷ್ಟು ಹೊತ್ತೂ ಮೂಗು ಬಾಯಿಯಿಂದ ಗುಳ್ಳೆ ಬರುತ್ತಲೇ ಇರಬೇಕು. ಆಗ ತಲೆ ಪಕ್ಕಕ್ಕೆ ತಿರುಗಿಸಿದಾಗ ಒಳಗೆಳೆದುಕೊಳ್ಳುವ ಕೆಲಸ ಮಾತ್ರ ಉಳಿಯುತ್ತದೆ. ಮೊದಲ ಎರಡು ವಾರ 50 ಮೀಟರ್ ಎಂಟು ಸಲ, ಮಧ್ಯೆ 20 ಸೆಕೆಂಡ್ ವಿಶ್ರಾಂತಿ. ಆಮೇಲೆ 75 ಮೀಟರ್ ಹತ್ತು ಸಲ. ಆರನೇ ವಾರದ ಹೊತ್ತಿಗೆ 250 ಮೀಟರ್ ಮೂರು ಸಲ, ಮಧ್ಯೆ 30 ಸೆಕೆಂಡ್. ಅಷ್ಟು ಬಂದರೆ 750 ಬಂದ ಹಾಗೆಯೇ. ಕಾಲನ್ನು ಜೋರಾಗಿ ಬಡಿಯಬೇಡ, ಅವು ಮುಂದಿನ ಎರಡು ಹಂತಕ್ಕೆ ಬೇಕು. ಕೊನೆಯ 50 ಮೀಟರಿನಲ್ಲಿ ಮಾತ್ರ ಸ್ವಲ್ಪ ಹೆಚ್ಚು ಬಡಿ, ಎದ್ದು ನಿಂತಾಗ ತಲೆ ಸುತ್ತುವುದು ಕಡಿಮೆಯಾಗುತ್ತದೆ. ಕೈ ನೀರಿಗಿಳಿಯುವಾಗ ತಲೆಯ ಮಧ್ಯಗೆರೆ ದಾಟಿ ಆಚೆ ಹೋಗದಂತೆ ನೋಡಿಕೋ. ದಾಟಿದರೆ ಕೆಲವೇ ವಾರದಲ್ಲಿ ಭುಜ ನೋಯಲು ಶುರುವಾಗುತ್ತದೆ.

ಕೊಳದಲ್ಲಿ ಬಂದದ್ದು ಕೆರೆಯಲ್ಲಿ ಬರಬೇಕೆಂದಿಲ್ಲ. ಕೆಳಗೆ ಕಪ್ಪು ಗೆರೆ ಇರುವುದಿಲ್ಲ, ನೀರು ಹಸಿರು, ಕೈ ಚಾಚಿದರೆ ಬೆರಳು ಕಾಣುವುದಿಲ್ಲ, ಪಕ್ಕದವನ ಕಾಲು ಮುಖಕ್ಕೆ ಬಡಿಯುತ್ತದೆ. ಆರೆಂಟು ಸಲ ಕೈ ಬೀಸಿದ ಮೇಲೊಮ್ಮೆ ಮೊಸಳೆಯಂತೆ ಕಣ್ಣನ್ನಷ್ಟೇ ನೀರಿನ ಮೇಲೆತ್ತಿ, ದಾರಿ ತೋರಿಸಲು ನೀರಿನಲ್ಲಿ ತೇಲಬಿಟ್ಟ ಗುರುತು ನೋಡಬೇಕು. ನೋಡಿದ ಕೂಡಲೇ ತಲೆ ಪಕ್ಕಕ್ಕೆ ತಿರುಗಿಸಿ ಉಸಿರು ತೆಗೆದುಕೊಳ್ಳಬೇಕು. ತಲೆ ಪೂರ್ತಿ ಎತ್ತಿದರೆ ಸೊಂಟ ಮುಳುಗುತ್ತದೆ, ವೇಗ ಸಾಯುತ್ತದೆ. ಇದನ್ನು ಕೊಳದಲ್ಲೇ ಕಲಿಯಬಹುದು. ಖಾಲಿ ಲೇನಿನಲ್ಲಿ ಕಣ್ಣು ಮುಚ್ಚಿ ಆರು ಸಲ ಕೈ ಬೀಸಿ ನಿಲ್ಲು, ನೀನು ಎಡಕ್ಕೆ ಎಳೆಯುತ್ತೀಯೋ ಬಲಕ್ಕೋ ಗೊತ್ತಾಗುತ್ತದೆ. ಇಬ್ಬರು ಗೆಳೆಯರನ್ನು ಕರೆದು ಒಂದೇ ಲೇನಿನಲ್ಲಿ ಮೂವರೂ ಅಕ್ಕಪಕ್ಕ ಈಜಿ, ಮೈಗೆ ಮೈ ತಗಲುವುದು ಅಭ್ಯಾಸವಾಗಲಿ. ಗೋಡೆ ಮುಟ್ಟದೆ ಒಂದು ಮೀಟರ್ ಮೊದಲೇ ತಿರುಗು. ಗೋಡೆ ತಳ್ಳಿ ಸಿಗುವ ಪುಕ್ಕಟೆ ವೇಗ ಕೆರೆಯಲ್ಲಿ ಸಿಗುವುದಿಲ್ಲ.

ಒಂದು ಮಾತು ಕಟ್ಟುನಿಟ್ಟಾಗಿ ಹೇಳುತ್ತೇನೆ. ತೆರೆದ ನೀರಿನ ಅಭ್ಯಾಸಕ್ಕೆಂದು ಬಲಮುರಿಗೋ ಕಾವೇರಿಯ ಇನ್ನೊಂದು ಕಡೆಗೋ ಹೋಗಬೇಡ. ಅಲ್ಲಿ ಮುಳುಗಿ ಪ್ರಾಣ ಬಿಟ್ಟವರ ಸುದ್ದಿ ಓದುತ್ತಲೇ ಇರುತ್ತೇವೆ. ಬಂಡೆಗಳ ನಡುವಿನ ಸೆಳೆತಕ್ಕೆ ಈಜು ಬರುತ್ತದೋ ಇಲ್ಲವೋ ಎಂಬುದು ಲೆಕ್ಕಕ್ಕಿಲ್ಲ. ರಕ್ಷಕರು, ದೋಣಿ ಇರುವ ಕಡೆ ಮಾತ್ರ ತೆರೆದ ನೀರಿಗಿಳಿ. ಟ್ರಯಥ್ಲಾನ್‌ಗಳಲ್ಲಿ ಸಾವು ಅಪರೂಪ, ಆದರೆ ಆದವುಗಳಲ್ಲಿ ಹೆಚ್ಚಿನವು ಈಜಿನಲ್ಲೇ ಆಗಿವೆ. ನಲವತ್ತು ದಾಟಿದ್ದೀಯ, ಮನೆಯಲ್ಲಿ ಹೃದಯದ ತೊಂದರೆ ಇದ್ದವರಿದ್ದಾರೆ. ತಯಾರಿ ಶುರುಮಾಡುವ ಮುಂಚೆ ವೈದ್ಯರನ್ನು ಕಂಡು ಬಾ. ಸ್ಪರ್ಧೆಯ ದಿನ ಗುಂಪಿನ ಮಧ್ಯೆ ನುಗ್ಗದೆ ಹಿಂದೆ ಅಥವಾ ಬದಿಯಲ್ಲಿ ನಿಲ್ಲು. ಹತ್ತು ಸೆಕೆಂಡ್ ತಡವಾದರೂ ಮುಂದೆ ಖಾಲಿ ನೀರು ಸಿಗುತ್ತದೆ. ಎದೆ ಬಿಗಿದಂತಾದರೆ ಬೆನ್ನ ಮೇಲೆ ತೇಲು, ಬ್ರೆಸ್ಟ್‌ಸ್ಟ್ರೋಕ್‌ಗೆ ಬದಲಿಸು, ಕೈ ಎತ್ತಿ ದೋಣಿ ಕರೆ. ಅದನ್ನು ಹಿಡಿದು ಸುಧಾರಿಸಿಕೊಂಡರೆ ತಪ್ಪಲ್ಲ, ಅದರ ಸಹಾಯದಿಂದ ಮುಂದೆ ಸಾಗುವಂತಿಲ್ಲ ಅಷ್ಟೆ. ಗಾಗಲ್ಸ್‌ನ ಪಟ್ಟಿ ಟೋಪಿಯ ಒಳಗಿರಲಿ. ಯಾರ ಕೈ ತಗಲಿದರೂ ಕಳಚಿ ಹೋಗುವುದಿಲ್ಲ.

ಸೈಕಲ್ ವಿಷಯಕ್ಕೆ ಬಂದರೆ, ಹೊಸದು ಕೊಳ್ಳಬೇಡ. ನಿನ್ನ ಹೈಬ್ರಿಡ್ ಸಾಕು. ಕೊಳ್ಳುವ ಹಣಕ್ಕಿಂತ ಸೀಟಿನ ಎತ್ತರ ಸರಿಪಡಿಸುವ ಹತ್ತು ನಿಮಿಷ ಹೆಚ್ಚು ಕೆಲಸ ಮಾಡುತ್ತದೆ. ಗೋಡೆಗೆ ಒರಗಿ ಸೀಟಿನ ಮೇಲೆ ಕುಳಿತು ಹಿಮ್ಮಡಿಯನ್ನು ಪೆಡಲ್ ಮೇಲಿಡು; ಪೆಡಲ್ ಕೆಳಗಿದ್ದಾಗ ಮಂಡಿ ನೇರವಾಗಬೇಕು, ಸೊಂಟ ಪಕ್ಕಕ್ಕೆ ವಾಲಬಾರದು. ಪಾದದ ಮುಂಭಾಗದಿಂದ ತುಳಿಯುವಾಗ ತಾನಾಗಿಯೇ ಬೇಕಾದಷ್ಟು ಬಾಗು ಸಿಗುತ್ತದೆ. ಮಂಡಿಯ ಮುಂದೆ ನೋವು ಬಂದರೆ ಸೀಟು ತಗ್ಗಾಗಿರಬಹುದು, ಹಿಂದೆ ಬಂದರೆ ಎತ್ತರವಾಗಿರಬಹುದು. ಒಂದು ಸಲಕ್ಕೆ ಅರ್ಧ ಸೆಂಟಿಮೀಟರ್‌ಗಿಂತ ಹೆಚ್ಚು ಬದಲಿಸಬೇಡ. ತುಳಿತ ನಿಮಿಷಕ್ಕೆ 85–90 ಸುತ್ತು. ಸುತ್ತು ಎಣಿಸುವ ಮೀಟರ್ ಇಲ್ಲದಿದ್ದರೆ ಬಲ ಮಂಡಿ ಮೇಲೆ ಬರುವುದನ್ನು 15 ಸೆಕೆಂಡ್ ಎಣಿಸು, 21–23 ಬಂದರೆ ಸರಿ. ಭಾರದ ಗೇರಿನಲ್ಲಿ ಒತ್ತಿ ಒತ್ತಿ ತುಳಿದವರ ತೊಡೆ ಓಟದಲ್ಲಿ ಕೈಕೊಡುತ್ತದೆ.

ಟೈರಿನ ಗಾಳಿಯ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಗಟ್ಟಿ ತುಂಬಿದಷ್ಟೂ ವೇಗ ಎಂದುಕೊಂಡವರು ಬಹಳ. ನಮ್ಮ ರಸ್ತೆಯಲ್ಲಿ ಹಾಗಾಗುವುದಿಲ್ಲ. ಟೈರು ಕುಣಿಯುತ್ತದೆ, ಕೈ ಜೋಮು ಹಿಡಿಯುತ್ತದೆ. ಸುಮಾರು 70 ಕೆ.ಜಿ. ತೂಕದವರಿಗೆ 28 ಮಿ.ಮೀ. ಟೈರಿಗೆ 70–75 ಪಿಎಸ್‌ಐ, 35–38ಕ್ಕೆ 50–55 ಸಾಕು. ಇನ್ನೂ ಕಡಿಮೆಯಾದರೆ ಗುಂಡಿಗೆ ಬಿದ್ದಾಗ ಟ್ಯೂಬು ರಿಮ್ಮಿಗೂ ರಸ್ತೆಗೂ ಸಿಕ್ಕಿ ಅಕ್ಕಪಕ್ಕ ಎರಡು ತೂತಾಗುತ್ತದೆ. ಒಂದು ಬಿಡಿ ಟ್ಯೂಬು, ಎರಡು ಟೈರ್ ಲಿವರ್, ಚಿಕ್ಕ ಪಂಪು ಸೀಟಿನ ಕೆಳಗಿನ ಚೀಲದಲ್ಲಿರಲಿ. ಪಂಕ್ಚರ್ ಆದಾಗ ಹೊಸ ಟ್ಯೂಬು ಹಾಕುವ ಅವಸರ ಬೇಡ. ಮೊದಲು ಟೈರಿನ ಒಳಗೆ ಬಟ್ಟೆ ಸುತ್ತಿದ ಬೆರಳಿನಿಂದ ಒಂದು ಸುತ್ತು ಸವರು. ಹೆದ್ದಾರಿಯ ಬದಿಯಲ್ಲಿ ಲಾರಿ ಟೈರು ಸಿಡಿದಾಗ ಉದುರುವ ಕೂದಲಷ್ಟು ತೆಳು ಉಕ್ಕಿನ ತಂತಿ ರಬ್ಬರಿನಲ್ಲಿ ಚುಚ್ಚಿಕೊಂಡು, ಒಳಬದಿಗೆ ಒಂದು ಮಿಲಿಮೀಟರ್ ಇಣುಕುತ್ತಿರುತ್ತದೆ. ಹೊರಗಿನಿಂದ ಕಾಣುವುದೇ ಇಲ್ಲ. ಅದನ್ನು ಕೀಳದೆ ಹಾಕಿದ ಹೊಸ ಟ್ಯೂಬೂ ಎರಡು ಕಿ.ಮೀ.ಯೊಳಗೆ ಕೂರುತ್ತದೆ. ಚಿಕ್ಕ ಇಕ್ಕಳ ಇಲ್ಲದಿದ್ದರೆ ನೈಲ್ ಕಟರ್‌ನಿಂದ ಹಿಡಿದು ಎಳೆಯಬಹುದು.

ಅಭ್ಯಾಸಕ್ಕೆ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆ ಬೇಡ. 2023ರ ಆಗಸ್ಟ್‌ನಿಂದ ಬೈಕು, ಆಟೊ, ಸೈಕಲ್‌ಗಳಿಗೆ ಅಲ್ಲಿ ಪ್ರವೇಶವಿಲ್ಲ. ಶ್ರೀರಂಗಪಟ್ಟಣದ ಕಡೆ ಹೋಗುವುದಾದರೆ ಸರ್ವಿಸ್ ರಸ್ತೆಯಲ್ಲಿ, ಬೆಳಕು ಹರಿದ ಮೇಲೆ. ವಾರದ ಮಧ್ಯೆ ಒಂದು ದಿನ 3 ನಿಮಿಷ ಜೋರು, 2 ನಿಮಿಷ ನಿಧಾನ, ಹೀಗೆ ಐದು ಸಲ. ಭಾನುವಾರ 30–40 ಕಿ.ಮೀ. ಮಾತಾಡಿಕೊಂಡು ಹೋಗುವ ವೇಗದಲ್ಲಿ. ಎರಡು ವಾರಕ್ಕೊಮ್ಮೆ ಚಾಮುಂಡಿ ಬೆಟ್ಟ ಹತ್ತಿದರೆ ಕಾಲಿಗೆ ಬಲ ಬರುತ್ತದೆ. ಇಳಿಯುವಾಗ ಅವಸರ ಮಾಡಬೇಡ, ತಿರುವಿನಾಚೆ ನಡೆದು ಬರುವವರಿರುತ್ತಾರೆ.

ಇನ್ನು ಟ್ರಾನ್ಸಿಷನ್, ಅಂದರೆ ಒಂದು ಹಂತ ಮುಗಿಸಿ ಇನ್ನೊಂದಕ್ಕೆ ಸಜ್ಜಾಗುವ ಹೊತ್ತು. ಇಲ್ಲಿನ ಸಮಯವೂ ಒಟ್ಟು ಸಮಯಕ್ಕೇ ಸೇರುತ್ತದೆ ಎಂಬುದನ್ನು ಮರೆಯುವವರು ಹೆಚ್ಚು. ಒದ್ದೆ ಕಾಲಿಗೆ ಸಾಕ್ಸ್ ಎಳೆಯುತ್ತಾ ಮೂರು ನಿಮಿಷ ಕಳೆಯುವವನು ಅದನ್ನು ಒಂದೂವರೆ ನಿಮಿಷಕ್ಕೆ ಇಳಿಸಿದ ಎನ್ನು. ಅದೇ 90 ಸೆಕೆಂಡನ್ನು 5 ಕಿ.ಮೀ. ಓಟದಲ್ಲಿ ಗಳಿಸಬೇಕಾದರೆ ಪ್ರತಿ ಕಿಲೋಮೀಟರ್ 18 ಸೆಕೆಂಡ್ ವೇಗವಾಗಿ ಓಡಬೇಕು. ಅದಕ್ಕೆ ತಿಂಗಳುಗಟ್ಟಲೆ ಅಭ್ಯಾಸ ಬೇಕು. ಇದಕ್ಕೆ ಮನೆಯ ಅಂಗಳದಲ್ಲಿ ನಾಲ್ಕು ಸಂಜೆ ಸಾಕು. ಹೆಲ್ಮೆಟ್ ಹ್ಯಾಂಡಲ್ ಮೇಲೆ ಒಳಬದಿ ಮೇಲಾಗಿ ಇಟ್ಟಿರಲಿ, ಪಟ್ಟಿ ಬಿಚ್ಚಿ ಎರಡು ಬದಿಗೆ ಇಳಿಬಿಟ್ಟಿರಲಿ, ಒಳಗೆ ಕನ್ನಡಕ. ಕೆಳಗೆ ಒಂದು ಚಿಕ್ಕ ಟವೆಲ್, ಅದರ ಮೇಲೆ ಬಾಯಿ ಅಗಲಿಸಿದ ಶೂ, ಒಳಗೆ ಸ್ವಲ್ಪ ಪೌಡರ್. ಮಾಮೂಲಿ ಲೇಸ್ ತೆಗೆದು ಎಲಾಸ್ಟಿಕ್ ಲೇಸ್ ಹಾಕಿಸು. ಮೊದಲು ಕನ್ನಡಕ, ಆಮೇಲೆ ಹೆಲ್ಮೆಟ್, ಬಕಲ್ ‘ಟಕ್’ ಎಂದ ಮೇಲಷ್ಟೇ ಸೈಕಲ್‌ಗೆ ಕೈ. ಬಕಲ್ ಹಾಕದೆ ಸೈಕಲ್ ತೆಗೆದರೆ ದಂಡ. ವಾಪಸ್ ಬಂದಾಗಲೂ ಸೈಕಲ್ ಸ್ಟ್ಯಾಂಡಿಗೆ ತೂಗುಹಾಕುವ ತನಕ ಬಕಲ್ ಬಿಚ್ಚುವಂತಿಲ್ಲ. ಹತ್ತುವ ಗೆರೆ ದಾಟಿದ ಮೇಲೆ ಹತ್ತಬೇಕು, ಇಳಿಯುವ ಗೆರೆಗೆ ಮುಂಚೆ ಇಳಿಯಬೇಕು. ಸೈಕಲನ್ನು ಹಗುರ ಗೇರಿನಲ್ಲಿ ಬಿಟ್ಟಿರು. ಭಾರದ ಗೇರಿನಲ್ಲಿ ಬಿಟ್ಟವರು ಗೆರೆಯ ಬಳಿಯೇ ತೂರಾಡಿ ಬೀಳುತ್ತಾರೆ. ನಂಬರು ಸೊಂಟಕ್ಕೆ ಕಟ್ಟುವ ರೇಸ್ ಬೆಲ್ಟ್‌ಗೆ ಸಿಕ್ಕಿಸು, ಸೈಕಲ್ ಮೇಲೆ ಬೆನ್ನಿಗೆ, ಓಟದಲ್ಲಿ ಹೊಟ್ಟೆಯ ಮುಂದಕ್ಕೆ. ಬೆಳಗ್ಗೆ ನೀರಿನಿಂದ ಬರುವ ದಾರಿಯಲ್ಲೊಮ್ಮೆ ನಡೆದು ನಿನ್ನ ಸಾಲು ಎಲ್ಲಿದೆ ಎಂದು ಮರವನ್ನೋ ಕಂಬವನ್ನೋ ಗುರುತಿಟ್ಟುಕೋ. ಪಕ್ಕದವನ ಕೆಂಪು ಸೈಕಲನ್ನು ಗುರುತಿಟ್ಟುಕೊಂಡರೆ, ನೀನು ಬರುವಷ್ಟರಲ್ಲಿ ಅದು ಹೋಗಿರುತ್ತದೆ.

ನಮ್ಮಂಥ ಹವ್ಯಾಸಿಗಳ ಸ್ಪರ್ಧೆಯಲ್ಲಿ ಸಾಮಾನ್ಯವಾಗಿ ಇನ್ನೊಬ್ಬನ ಬೆನ್ನಿಗೆ ಅಂಟಿಕೊಂಡು ಗಾಳಿಯ ಮರೆಯಲ್ಲಿ ಸೈಕಲ್ ಹೊಡೆಯುವಂತಿಲ್ಲ. ಸುಮಾರು 10 ಮೀಟರ್, ಅಂದರೆ ಮಧ್ಯೆ ನಾಲ್ಕೈದು ಸೈಕಲ್ ಹಿಡಿಸುವಷ್ಟು ಅಂತರ ಬೇಕು. ಎಡಕ್ಕೆ ಹೋಗು, ಬಲದಿಂದ ಹಿಂದಿಕ್ಕು. ನಿನ್ನ ಸ್ಪರ್ಧೆಯ ನಿಯಮ ಮುಂಚೆಯೇ ಓದಿಕೋ.

ಸೈಕಲ್ ಇಳಿದು ಓಡಲು ಹೊರಟಾಗ ಕಾಲು ನಿನ್ನದಲ್ಲ ಅನ್ನಿಸುತ್ತದೆ. ಅಷ್ಟು ಹೊತ್ತು ಸೊಂಟ ಬಾಗಿಸಿ ಒಂದೇ ವೃತ್ತದಲ್ಲಿ ತುಳಿದ ತೊಡೆಗಳಿಗೆ ಈಗ ಮೈಭಾರ ಹೊತ್ತು ನೆಲಕ್ಕೆ ಅಪ್ಪಳಿಸುವ ಕೆಲಸ ಬಿದ್ದಿರುತ್ತದೆ. ವಿಚಿತ್ರವೆಂದರೆ, ತೆವಳುತ್ತಿದ್ದೇನೆ ಅನ್ನಿಸುವಾಗಲೇ ಹೆಚ್ಚಿನವರು ಬೇಕಾದ್ದಕ್ಕಿಂತ ಜೋರಾಗಿ ಓಡುತ್ತಿರುತ್ತಾರೆ. ಗಂಟೆಗೆ 25 ಕಿ.ಮೀ. ವೇಗಕ್ಕೆ ಒಗ್ಗಿದ ಕಣ್ಣಿಗೆ ಓಟದ ವೇಗ ತಿಳಿಯುವುದಿಲ್ಲ. ಮೊದಲ ಕಿಲೋಮೀಟರ್ ನಿನ್ನ ಗುರಿಗಿಂತ 10–15 ಸೆಕೆಂಡ್ ನಿಧಾನವಾಗಲಿ, ಹೆಜ್ಜೆ ಗಿಡ್ಡವಾಗಿರಲಿ. ಮದ್ದು ಒಂದೇ: ವಾರಕ್ಕೊಮ್ಮೆ 12–15 ಕಿ.ಮೀ. ಸೈಕಲ್, ಇಳಿದ ಕೂಡಲೇ 10–15 ನಿಮಿಷ ಓಟ. ಇದಕ್ಕೇ ಬ್ರಿಕ್ ಎನ್ನುವುದು. ಇಡೀ ತಯಾರಿಯಲ್ಲಿ ಒಂದನ್ನು ಮಾತ್ರ ಉಳಿಸಿಕೋ ಎಂದರೆ ನಾನು ಇದನ್ನೇ ಉಳಿಸುತ್ತೇನೆ.

ವಾರಕ್ಕೆ ಎರಡು ಈಜು, ಎರಡು ಸೈಕಲ್, ಎರಡು ಓಟ. ಅದರಲ್ಲೊಂದು ಓಟ ಬ್ರಿಕ್‌ನದು. ಒಂದು ದಿನ ಪೂರ್ತಿ ರಜೆ. ನಾಲ್ಕನೇ ಮತ್ತು ಎಂಟನೇ ವಾರ ಮೂರನೇ ಒಂದು ಪಾಲು ಕಡಿಮೆ ಮಾಡು, ಕೊನೆಯ ವಾರ ಅರ್ಧಕ್ಕಿಳಿಸು. ಮೊಣಕಾಲಿನ ಕೆಳಗೆ ಮುಂದಿನ ಎಲುಬಿನುದ್ದಕ್ಕೆ ನೋವು ಕಂಡರೆ ಓಟ ಏರಿಸಿದ್ದು ಅತಿಯಾಯಿತು ಎಂದರ್ಥ. ಆ ವಾರ ಓಟ ಬಿಟ್ಟು ಈಜು.

ಊಟದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡ. ಒಂದೂವರೆ ಎರಡು ಗಂಟೆಯ ಕೆಲಸಕ್ಕೆ ಶಕ್ತಿಗೆಂದು ಮಾರುವ ಜೆಲ್ ಪೊಟ್ಟಣಗಳು ಬೇಕಿಲ್ಲ. ಹಿಂದಿನ ರಾತ್ರಿ ಅನ್ನ ಸಾರು. ಮುದ್ದೆ, ಕಾಳು ಮಧ್ಯಾಹ್ನಕ್ಕೇ ಮುಗಿಯಲಿ. ಬೆಳಗ್ಗೆ ಎರಡೂವರೆ ಮೂರು ಗಂಟೆ ಮುಂಚೆ ಮೂರು ಇಡ್ಲಿ, ಒಂದು ಬಾಳೆಹಣ್ಣು. ಸೈಕಲ್ ಬಾಟಲಿಯಲ್ಲಿ ಅರ್ಧ ಲೀಟರ್ ನೀರಿಗೆ ಮೂರು ಚಮಚ ಸಕ್ಕರೆ, ಒಂದು ಚಿಟಿಕೆ ಉಪ್ಪು, ಅರ್ಧ ನಿಂಬೆ. ಇದನ್ನೂ ಒಂದು ಭಾನುವಾರ ಮೊದಲೇ ಕುಡಿದು ನೋಡಿರಬೇಕು. ಕುತ್ತಿಗೆ, ಕಂಕುಳು, ತೊಡೆಸಂದಿಗೆ ವ್ಯಾಸಲಿನ್.

ಈ ವಾರ ಸರಸ್ವತಿಪುರಂ ಈಜುಕೊಳಕ್ಕೆ ಹೋದಾಗ 50 ಮೀಟರ್ ಎಂಟು ಸಲ ಈಜಿ, ಮೊದಲನೆಯದರ ಮತ್ತು ಎಂಟನೆಯದರ ಸಮಯ ಬರೆದು ಕಳಿಸು. ಎರಡರ ನಡುವೆ ಐದು ಸೆಕೆಂಡ್‌ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಮೊದಲನೆಯದನ್ನು ನಿಧಾನ ಮಾಡಬೇಕು. ಎಷ್ಟು ಎಂದು ಆಗ ಲೆಕ್ಕ ಹಾಕೋಣ. ಸೈಕಲ್ ಮೇಲೆ ಕುಳಿತ ಫೋಟೊ ಒಂದನ್ನು ಪಕ್ಕದಿಂದ ತೆಗೆಸಿ ಕಳಿಸು, ಪೆಡಲ್ ಕೆಳಗಿರಲಿ.

ನಿನ್ನ ಗೆಳೆಯ