ಇದು ಮರುವಾಯಿ ಅಲ್ಲ ಅವ್ವ

ಸಿಯಾಟಲ್
ನವೆಂಬರ್ ಕೊನೆ, ಭಾನುವಾರ

ಪ್ರೀತಿಯ ಅವ್ವ,

ನಾನು ಸಮುದ್ರದ ದಡದಲ್ಲಿ ಚಿಪ್ಪು ಅಗೆಯುವ ಫೋಟೋ ನೋಡಿ ನೀನು ಫೋನಿನಲ್ಲಿ ಬೈದೆಯಲ್ಲ, ಅದಕ್ಕೆ ಉತ್ತರ ಬರೆಯುತ್ತಿದ್ದೇನೆ. "ಅಲ್ಲಿ ಅಂಗಡಿಯಲ್ಲಿ ಮೀನು ಸಿಗಲ್ವಾ, ಮರಳು ಬಗೆದು ತಿನ್ನೋ ಗತಿ ಬಂತಾ" ಅಂದೆ. ಅಜ್ಜಿಗೆ ಫೋನಿನಲ್ಲಿ ಹೇಳಿದರೆ ಕೇಳಿಸುವುದಿಲ್ಲ. ನೀನು ಅರ್ಧ ಹೇಳಿ ಅರ್ಧ ನುಂಗುತ್ತೀಯ. ಅದಕ್ಕೇ ಕಾಗದ. ತಮ್ಮನ ಹತ್ತಿರ ಗಟ್ಟಿಯಾಗಿ ಓದಿಸು, ಅಜ್ಜಿ ಪೂರ್ತಿ ಕೇಳಲಿ.

ನಾವು ಹೋದದ್ದು ಲಾಂಗ್ ಬೀಚ್ ಅನ್ನುವ ಊರಿಗೆ. ಇಲ್ಲಿಂದ ಕಾರಿನಲ್ಲಿ ಮೂರು ಗಂಟೆಯ ದಾರಿ. ಕೊಲಂಬಿಯಾ ನದಿ ಸಮುದ್ರ ಸೇರುವ ಕಡೆಯಿಂದ ಉತ್ತರಕ್ಕೆ ಸುಮಾರು 45 ಕಿಲೋಮೀಟರ್ ಬರೀ ಮರಳು. ಅಲ್ಲಿ ಸಿಗುವುದು ರೇಜರ್ ಕ್ಲ್ಯಾಮ್ ಅನ್ನುವ ಚಿಪ್ಪುಮೀನು. ಸುರತ್ಕಲ್ ಚಿಕ್ಕಮ್ಮ ಪುಂಡಿ ಜೊತೆ ಮಾಡುತ್ತಾರಲ್ಲ ಮರುವಾಯಿ, ಅದರ ದೂರದ ನೆಂಟ ಅಂದುಕೋ. ಆದರೆ ಮರುವಾಯಿ ದುಂಡಗೆ, ಚಿಪ್ಪು ದಪ್ಪ. ಇದು ಉದ್ದ, ಅಂಗೈಯಷ್ಟು ಬರುತ್ತದೆ. ಚಿಪ್ಪು ತೆಳು, ವಾರ್ನಿಶ್ ಬಳಿದ ಹಾಗೆ ಕಂದು ಹೊಳಪು. ಅಂಚು ಒಡೆದರೆ ಬ್ಲೇಡೇ. ನನ್ನ ಬೆರಳಿನ ಬ್ಯಾಂಡೇಜ್ ಏನು ಅಂತ ಕೇಳಿದ್ದೆ, ಅದರದ್ದೇ ಕೆಲಸ. ಈಗ ವಾಸಿಯಾಗಿದೆ.

ಚಳಿಗಾಲದಲ್ಲಿ ಸಮುದ್ರದ ದೊಡ್ಡ ಇಳಿತ ಬರುವುದು ಸಂಜೆ. ಇಲ್ಲಿ ನಾಲ್ಕೂವರೆಗೇ ಕತ್ತಲು. ನೀರು ಪೂರ್ತಿ ಇಳಿಯುವುದಕ್ಕೆ ಎರಡು ಗಂಟೆ ಮೊದಲೇ ಹೋಗಿ ನಿಂತೆವು. ಜಿನುಗು ಮಳೆ, ಕಿವಿ ಕತ್ತರಿಸುವ ಗಾಳಿ. ನೋಡಿದರೆ ದಡದುದ್ದಕ್ಕೂ ಲಾಟೀನು, ಹಣೆಗೆ ಕಟ್ಟಿದ ಟಾರ್ಚು, ಎಷ್ಟು ದೂರ ನೋಡಿದರೂ ಬೆಳಕಿನ ಚುಕ್ಕಿ. ಮೊದಲ ಮಳೆಗೆ ನಮ್ಮ ಗದ್ದೆಗೆ ಮೀನು ಹತ್ತುವಾಗ ಅಪ್ಪ, ದೊಡ್ಡಪ್ಪ ಎಲ್ಲ ಸೂಟೆ ಹೊತ್ತಿಸಿ ಹಿಡಿದು ಹೋಗುತ್ತಿದ್ದರಲ್ಲ, ಅದೇ ನೆನಪಾಯಿತು. ಬೈಗುಳ ಮಾತ್ರ ಕೇಳಿಸಲಿಲ್ಲ.

ಈಗ ಅಜ್ಜಿಗೆ ಬೇಕಾದ ವಿಷಯ. ಇದನ್ನು ಹುಡುಕುವುದು ಹೇಗೆ ಅಂದರೆ, ಥೇಟ್ ಗದ್ದೆ ಬದಿಯ ಏಡಿ ಬಿಲ ನೋಡಿದ ಹಾಗೆ. ಕ್ಲ್ಯಾಮ್ ಮರಳೊಳಗೆ ನೆಟ್ಟಗೆ ನಿಂತು ಕೊಳವೆಯಂಥ ಕುತ್ತಿಗೆಯನ್ನು ಮೇಲೆ ಚಾಚಿಕೊಂಡಿರುತ್ತದೆ. ಹೆಜ್ಜೆ ಸಪ್ಪಳ ಆದರೆ ಕುತ್ತಿಗೆ ಒಳಗೆ ಎಳೆದುಕೊಳ್ಳುತ್ತದೆ. ಆಗ ಮರಳಿನ ಮೇಲೆ ಗುರುತು ಉಳಿಯುತ್ತದೆ. ಒಂದು ಸಣ್ಣ ಗುಳಿ ಇರಬಹುದು. ಉದ್ದಿನ ವಡೆಯ ಹಾಗೆ ಸುತ್ತ ದಿಣ್ಣೆ, ನಡುವೆ ತೂತು ಇರಬಹುದು. ಒಣಗಿದ ಮರಳಾದರೆ ಬೀಗದ ತೂತಿನ ಆಕಾರ. ಗುರುತು ಕಾಣದಿದ್ದರೆ ಗುದ್ದಲಿಯ ಹಿಡಿಯಿಂದ ಮರಳಿಗೆ ಕುಟ್ಟಬೇಕು. ಕುಟ್ಟಿದ ಜಾಗದ ಹತ್ತಿರ ಪುಸಕ್ ಅಂತ ಗುಳಿ ಬೀಳುತ್ತದೆ. ಹುಳದ ತೂತು, ಬಸವನಹುಳು ಎಬ್ಬಿಸಿದ ಸಣ್ಣ ದಿಬ್ಬ ಎಲ್ಲ ಅಲ್ಲೇ ಇರುತ್ತವೆ. ಮೊದಲ ಅರ್ಧ ಗಂಟೆ ನಾನು ಅವನ್ನೇ ಅಗೆದೆ. ಪಕ್ಕದಲ್ಲಿ ಅಗೆಯುತ್ತಿದ್ದ ಒಬ್ಬ ಮುದುಕರು ನೋಡಿ ನೋಡಿ ಸಾಕಾಗಿ ಬಂದು ತೋರಿಸಿಕೊಟ್ಟರು. ಹೊಸ ಮಣ್ಣು ಬಿಲದ ಬಾಯಲ್ಲಿದ್ದರೆ ಏಡಿ, ಇಲ್ಲದಿದ್ದರೆ ಕೈ ಹಾಕಬೇಡ ಅಂತ ಅಜ್ಜಿ ಹೇಳುತ್ತಿದ್ದರಲ್ಲ, ಅದೇ ದನಿ.

ಅಗೆಯುವುದಕ್ಕೆ ಎರಡು ದಾರಿ. ಒಂದು ಉದ್ದ ಅಲಗಿನ ಸಣ್ಣ ಗುದ್ದಲಿ. ಅದನ್ನು ಗುಳಿಯ ಮೇಲೇ ಹಾಕಬಾರದು, ಚಿಪ್ಪು ಒಡೆಯುತ್ತದೆ. ಗುಳಿಯಿಂದ ನಾಲ್ಕರಿಂದ ಆರು ಇಂಚು ಆಚೆ, ಸಮುದ್ರದ ಬದಿಗೆ ಇಳಿಸಬೇಕು. ಇನ್ನೊಂದನ್ನು ಕ್ಲ್ಯಾಮ್ ಗನ್ ಅನ್ನುತ್ತಾರೆ. ಹೆಸರು ಕೇಳಿ ಅಪ್ಪ ಗಾಬರಿ ಆಗುವುದು ಬೇಡ, ಬಂದೂಕಲ್ಲ, ಹಿಡಿ ಇರುವ ಒಂದು ಪೈಪು ಅಷ್ಟೇ. ಗುಳಿಯ ಮೇಲೆ ಇಟ್ಟು ತಿರುಗಿಸುತ್ತಾ ಒತ್ತಬೇಕು. ಮೇಲಿನ ಸಣ್ಣ ತೂತನ್ನು ಹೆಬ್ಬೆರಳಲ್ಲಿ ಮುಚ್ಚಿ ಎತ್ತಿದರೆ ಮರಳೆಲ್ಲ ಕಂಬದ ಹಾಗೆ ಎದ್ದು ಬರುತ್ತದೆ. ಸ್ಟ್ರಾ ತುದಿ ಮುಚ್ಚಿ ಶರಬತ್ತು ಎತ್ತುತ್ತಿದ್ದೆವಲ್ಲ, ಹಾಗೆ. ಆದರೆ ಬೇಗ ಮಾಡಬೇಕು. ಇದರ ಕಾಲು ಗಟ್ಟಿ ಸ್ನಾಯು. ಕೆಳಗೆ ಚಾಚಿ, ತುದಿ ಉಬ್ಬಿಸಿ ಲಂಗರು ಹಾಕಿ, ಮೈಯನ್ನು ಕೆಳಗೆ ಎಳೆದುಕೊಳ್ಳುತ್ತದೆ. ಒಂದು ನಿಮಿಷಕ್ಕೆ ಹೆಚ್ಚುಕಡಿಮೆ ಒಂದು ಅಡಿ ಇಳಿದುಬಿಡುತ್ತದೆ! ನಾನು ಭುಜದವರೆಗೆ ಕೈ ಹಾಕಿ, ಕೆನ್ನೆ ಮರಳಿಗೆ ಒತ್ತಿ, ಒಂದರ ಜೊತೆ ಜಗ್ಗಾಡಿದೆ. ಅದೇ ಗೆದ್ದಿತು. ಇದೆಲ್ಲ ಮಾಡುವಾಗ ಸಮುದ್ರಕ್ಕೆ ಬೆನ್ನು ಹಾಕಬಾರದು, ಇದ್ದಕ್ಕಿದ್ದ ಹಾಗೆ ದೊಡ್ಡ ಅಲೆ ಬಂದುಬಿಡುತ್ತದೆ.

ಲೈಸೆನ್ಸ್ ಬೇಕು. 15 ವರ್ಷ ತುಂಬಿದವರೆಲ್ಲ ಮಾಡಿಸಬೇಕು. ದಿನಕ್ಕೆ ಒಬ್ಬರಿಗೆ 15 ಚಿಪ್ಪು. ಅದೂ ಮೊದಲು ಸಿಕ್ಕಿದ 15. ಚಿಕ್ಕದು ಬಂತು, ಒಡೆದದ್ದು ಬಂತು ಅಂತ ವಾಪಸು ಹಾಕುವ ಹಾಗಿಲ್ಲ, ಹಾಕಿದರೂ ಅದು ಉಳಿಯುವುದು ಕಷ್ಟ. ಒಬ್ಬೊಬ್ಬರದ್ದು ಒಂದೊಂದು ಚೀಲ. ನನ್ನ ಚೀಲದಲ್ಲಿ ಹನ್ನೊಂದು ಇದ್ದವು, ಅದರಲ್ಲಿ ನಾಲ್ಕು ಒಡೆದವು.

ನಿನ್ನ ಭಯಕ್ಕೆ ಬರುತ್ತೇನೆ. ಭಯ ಸುಳ್ಳಲ್ಲ ಅವ್ವ. ಸಮುದ್ರದಲ್ಲಿ ಕಣ್ಣಿಗೆ ಕಾಣದ ಒಂದು ಪಾಚಿ ಇದೆ. ಅದು ಡೊಮೊಯಿಕ್ ಆಸಿಡ್ ಅನ್ನುವ ವಿಷ ಮಾಡುತ್ತದೆ. ಚಿಪ್ಪುಗಳು ನೀರು ಸೋಸಿ ತಿನ್ನುವುದರಿಂದ ವಿಷ ಅವುಗಳ ಮೈಯಲ್ಲಿ ಸೇರುತ್ತದೆ. ರೇಜರ್ ಕ್ಲ್ಯಾಮ್‌ನಲ್ಲಂತೂ ತಿಂಗಳುಗಟ್ಟಲೆ ಉಳಿಯುತ್ತದೆ. 1987ರಲ್ಲಿ ಕೆನಡಾದಲ್ಲಿ ನೀಲಿಕಲ್ಲು ಅನ್ನುವ ಚಿಪ್ಪುಮೀನು ತಿಂದು ನೂರಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. ಕೆಲವರು ಸತ್ತರು, ಕೆಲವರಿಗೆ ನೆನಪಿನ ಶಕ್ತಿಯೇ ಹೋಯಿತು. ಇಲ್ಲಿಯ ಕ್ಲ್ಯಾಮ್‌ಗಳಲ್ಲಿ ಅದು ಸಿಕ್ಕಿದ್ದು 1991ರಲ್ಲಿ. ಬೇಯಿಸಿದರೂ ಹೋಗುವುದಿಲ್ಲ, ಫ್ರಿಜ್‌ನಲ್ಲಿಟ್ಟರೂ ಹೋಗುವುದಿಲ್ಲ. ಬಣ್ಣ, ವಾಸನೆ, ರುಚಿ ಯಾವುದರಲ್ಲೂ ಗೊತ್ತಾಗುವುದಿಲ್ಲ. ಅಣಬೆ ಜೊತೆ ಬೆಳ್ಳುಳ್ಳಿ ಹಾಕಿ ಕಪ್ಪಾಯಿತಾ ಅಂತ ನೋಡುವ ನಿನ್ನ ಪರೀಕ್ಷೆ ಇಲ್ಲಿ ನಡೆಯುವುದಿಲ್ಲ. (ಅಣಬೆಗೂ ಅದು ನಡೆಯುವುದಿಲ್ಲ. ಅಜ್ಜಿ ಗುರುತಿಸಿದ್ದನ್ನು ಮಾತ್ರ ತಿನ್ನಿ, ದಯವಿಟ್ಟು.) ಅದಕ್ಕೇ ಸರ್ಕಾರದವರು ಮೊದಲೇ ಕ್ಲ್ಯಾಮ್ ತೆಗೆದು ಲ್ಯಾಬಿನಲ್ಲಿ ನೋಡುತ್ತಾರೆ. ಹತ್ತು ಲಕ್ಷಕ್ಕೆ 20 ಪಾಲು ಮುಟ್ಟಿದರೆ ಅಗೆಯಲು ಬಿಡುವುದಿಲ್ಲ. ಯಾವ ದಿನ, ಯಾವ ದಡ ಅಂತ ಹೇಳಿದ ಮೇಲೆಯೇ ಜನ ಹೋಗುವುದು. 2015ರಲ್ಲಿ ವಿಷ ಜಾಸ್ತಿಯಾಗಿ ದಡಗಳನ್ನು ಮುಚ್ಚಿದ್ದರು. ನಾವು ಹೋದದ್ದು ಬಿಟ್ಟ ದಿನವೇ. ನಾನು ಎರಡು ಸಲ ನೋಡಿದ್ದೇನೆ.

ಅಡುಗೆ ಹೇಳುತ್ತೇನೆ. ಕುದಿಯುವ ನೀರು ಹೊಯ್ದರೆ ಚಿಪ್ಪು ತಾನೇ ಬಾಯಿ ಬಿಡುತ್ತದೆ. ತಕ್ಷಣ ತಣ್ಣೀರಿಗೆ ಹಾಕಬೇಕು. ಕತ್ತರಿಯಿಂದ ಕುತ್ತಿಗೆಯ ತುದಿ ತೆಗೆದು, ಉದ್ದಕ್ಕೆ ಸೀಳಿ, ಕಿವಿರು, ಕಪ್ಪು ಕರುಳು ಎಲ್ಲ ತೆಗೆಯಬೇಕು. ಒಂದರೊಳಗಿಂದ ಗಾಜಿನ ಕಡ್ಡಿಯಂಥದ್ದು ಜಾರಿ ಬಂತು. ಹುಳ ಅಂತ ಕಿರುಚಿದೆ. ಹುಳ ಅಲ್ಲವಂತೆ, ಅದರ ಹೊಟ್ಟೆಯೊಳಗೆ ತಿರುಗುತ್ತಾ ಆಹಾರ ಕರಗಿಸುವ ಕಡ್ಡಿ. ಹೊಟ್ಟೆಯೊಳಗೇ ಕಡೆಗೋಲು ಇಟ್ಟುಕೊಂಡಿದೆ ನೋಡು.

ಇಲ್ಲಿಯವರು ಬ್ರೆಡ್ ಪುಡಿಯಲ್ಲಿ ಹೊರಳಿಸಿ ಎಣ್ಣೆಯಲ್ಲಿ ಕರಿಯುತ್ತಾರೆ. ಚೆನ್ನಾಗಿರುತ್ತದೆ, ಸಪ್ಪೆ. ನಾನು ಕರಿಮೆಣಸು, ಜೀರಿಗೆ, ಬೆಳ್ಳುಳ್ಳಿ ಜಜ್ಜಿ ಹುರಿದು, ಕೊನೆಯಲ್ಲಿ ನೀನು ಕಟ್ಟಿಕೊಟ್ಟಿದ್ದ ಕಾಚಂಪುಳಿ, ನಮ್ಮ ಕೊಡಗಿನ ಆ ಕಪ್ಪು ಹುಳಿ, ಅರ್ಧ ಚಮಚ ಬಿಟ್ಟೆ. ಎರಡು ನಿಮಿಷಕ್ಕಿಂತ ಜಾಸ್ತಿ ಒಲೆಯ ಮೇಲಿಟ್ಟರೆ ರಬ್ಬರು. ಮೊದಲ ಬಾಣಲೆ ರಬ್ಬರೇ ಆಯಿತು, ಎರಡನೆಯದು ಅಕ್ಕಿ ರೊಟ್ಟಿ ಜೊತೆ ಹತ್ತು ನಿಮಿಷದಲ್ಲಿ ಖಾಲಿ.

ಕಾಚಂಪುಳಿ ಬಾಟಲಿ ತಳ ಕಾಣುತ್ತಿದೆ. ಚೇರಂಬಾಣೆ ಕಡೆಯಿಂದ ಯಾರಾದರೂ ಈ ಕಡೆ ಬರುವುದಿದ್ದರೆ ಒಂದು ಕಳಿಸು, ಮುಚ್ಚಳಕ್ಕೆ ಟೇಪ್ ಸುತ್ತಿ. ಹೋದ ಸಲ ಸೀರೆಯೆಲ್ಲ ಕಪ್ಪಾಗಿತ್ತು. ಕಾಫಿ ಕುಯ್ಲಿಗೆ ಆಳು ಸಿಕ್ಕಿದರಾ? ಹುತ್ತರಿ ಕದಿರಿನ ಫೋಟೋ ಮರೆಯದೆ ಹಾಕು. ಏಡಿ ಬಿಲಕ್ಕೂ ಹಾವಿನ ಬಿಲಕ್ಕೂ ಇನ್ನೇನು ವ್ಯತ್ಯಾಸ ಅಂತ ಅಜ್ಜಿಯನ್ನು ಸರಿಯಾಗಿ ಕೇಳಿ ಬರೆಸು, ಆ ಮುದುಕರಿಗೆ ಹೇಳುತ್ತೇನೆ ಅಂದಿದ್ದೇನೆ.

ಇಂತಿ,
ನಿನ್ನ ಪುಟ್ಟಿ